ತೊಟ್ಟು ಮೇಸ್ತ್ರಿಯ ಪುಕ್ಕಟೆ ಪ್ರವಾಸ

ಈ ಭೂಮಿಯ ಮೇಲೆ ಇದುವರೆಗೆ ಪ್ರವಾಸ ಹೋದವರೆಲ್ಲ ಜೇಬು ಬರಿದು ಮಾಡಿಕೊಂಡು ಬಂದವರೇ. ಹೆಂಡತಿ, ಮಗಳು, ಅತ್ತೆ ಮೂವರನ್ನೂ ಕಟ್ಟಿಕೊಂಡು ಸರೋವರದ ದಂಡೆಯ ಲಾಡ್ಜಿನಲ್ಲಿ ನಾಲ್ಕು ದಿನ ರಾಜನ ಹಾಗೆ ಉಂಡು ಮಲಗಿ, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ದುಡ್ಡಿನೊಂದಿಗೆ ಮನೆಗೆ ಬಂದವನು ಒಬ್ಬನೇ ಒಬ್ಬ. ಅವನು ತೊಟ್ಟು ಮೇಸ್ತ್ರಿ. ಬರುವಾಗ ಅವನ ಜೇಬು ಎಷ್ಟು ಭಾರವಾಗಿತ್ತೆಂದರೆ ಬಸ್ಸು ಎಡಕ್ಕೆ ವಾಲಿ, ಕಂಡಕ್ಟರು ಕೈಮುಗಿದು ಅವನನ್ನು ನಡುವಿನ ಸೀಟಿಗೆ ಕೂರಿಸಿದನಂತೆ. ನಂಬದಿದ್ದರೆ ಬಿಡಿ. ನಂಬದವರ ಮನೆ ಗೋಡೆಯ ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಮೇಸ್ತ್ರಿ ಎಂದರೆ ಬಣ್ಣದ ಮೇಸ್ತ್ರಿ. ಡಬ್ಬದ ತಳದಲ್ಲಿ ಕೊನೆಯ ತೊಟ್ಟನ್ನೂ ಬಿಡದವನು ಎಂದು ಬೀದಿಯವರು ಆ ಹೆಸರಿಟ್ಟಿದ್ದರು. ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಅವನು ಕತ್ತರಿಯಲ್ಲಿ ಸೀಳಿ ಒಳಗೆಲ್ಲ ಬ್ರಷ್ ಆಡಿಸುವಾಗ ಆ ಟ್ಯೂಬು ‘ಬಿಡೋ ಮಹರಾಯ’ ಎಂದು ಕೂಗುವುದು ಮೂರು ಮನೆಯಾಚೆಗೂ ಕೇಳುತ್ತಿತ್ತು. ಒಂದು ಸೋಪು ಮನೆಗೆ ಬಂದರೆ ಮಗಳು ಒಂದು ತರಗತಿ ಪಾಸಾಗುವವರೆಗೆ ಬಾಳುತ್ತಿತ್ತು. ಆ ಮನೆಯಲ್ಲಿ ಎರಡು ಬಲ್ಬು ಒಟ್ಟಿಗೆ ಉರಿದದ್ದನ್ನು ಕಂಡವರಿಲ್ಲ. ಒಬ್ಬರು ಅಡುಗೆಮನೆಗೆ ಹೋದರೆ ಉಳಿದವರೂ ಬೆಳಕಿನ ಹಿಂದೆಯೇ ಎದ್ದು ಹೋಗಬೇಕು.

ಇಷ್ಟು ಉಳಿತಾಯ ಯಾತಕ್ಕೆ? ಹೆಂಡತಿಗೆ ಕೊಟ್ಟ ಒಂದು ಮಾತಿಗೆ. ಮದುವೆಯಾದ ಹೊಸದರಲ್ಲಿ, ಕೊಟ್ಟ ಮಾತಿಗೆ ದುಡ್ಡು ಬೀಳುತ್ತದೆಂದು ಗೊತ್ತಿಲ್ಲದ ದಿನಗಳಲ್ಲಿ, ‘ನಿನ್ನನ್ನು ಸರೋವರಕ್ಕೆ ಕರೆದುಕೊಂಡು ಹೋಗುತ್ತೇನೆ’ ಎಂದುಬಿಟ್ಟಿದ್ದ. ಅದಾಗಿ ಹನ್ನೆರಡು ವರ್ಷ. ಹೆಂಡತಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ದಿನಕ್ಕೆ ಮುನ್ನೂರು ಲೋಟ ತುಂಬುವುದು, ಮುನ್ನೂರು ಲೋಟ ತೊಳೆಯುವುದು. ಅವಳ ಆಸೆ ಬೆಟ್ಟದಷ್ಟೇನೂ ಇರಲಿಲ್ಲ. ನೀರಿನೆದುರು ಒಂದು ಬೆಂಚು, ಬೇರೆ ಯಾರೋ ಮಾಡಿ ಕೈಗೆ ತಂದುಕೊಡುವ ಚಹಾ, ಪಕ್ಕದಲ್ಲಿ ಸುಮ್ಮನೆ ಕೂತ ಗಂಡ. ಆಮೇಲೆ ಒಂದು ಸಲ ದೋಣಿ. ಅಷ್ಟೇ.

ಪ್ರತಿ ವರ್ಷವೂ ‘ಮುಂದಿನ ವರ್ಷ’ ಎನ್ನುತ್ತಿದ್ದ. ಈ ಸಲ ಹೆಂಡತಿ ಬಟ್ಟೆ ಮಡಚುತ್ತ, ದನಿ ಏರಿಸದೆ ಹೇಳಿದಳು:

“ಈ ವರ್ಷ ಹೋಗ್ಲಿಲ್ಲ ಅಂದ್ರೆ ಇನ್ಮುಂದೆ ಆ ಮಾತೇ ಎತ್ತಬೇಡಿ ಆಯ್ತಾ? ನಾನೂ ಎತ್ತಲ್ಲ.”

ಮೇಸ್ತ್ರಿಗೆ ಮೊದಲ ಮಾತು ನಾಟಲಿಲ್ಲ. ‘ನಾನೂ ಎತ್ತಲ್ಲ’ ಎಂಬುದು ನಾಟಿತು. ಹೆಂಡತಿ ಕೇಳುವುದನ್ನೇ ಬಿಟ್ಟರೆ ನಡೆಸದೆ ಇಟ್ಟುಕೊಂಡ ಮಾತಿಗೆ ಬೆಲೆಯೇನು?

ಮರುದಿನವೇ ಅವನು ಸರೋವರದ ದಂಡೆಯ ಲಾಡ್ಜಿನ ಒಡತಿಗೆ ಫೋನು ಹಚ್ಚಿದ. ಹಿಂದೊಮ್ಮೆ ಅವಳ ತಂಗಿಯ ಮನೆಗೆ ಬಣ್ಣ ಹೊಡೆದಿದ್ದ ಪರಿಚಯ. ಸೀಸನ್ ಮುಗಿದಿತ್ತು, ಲಾಡ್ಜು ಖಾಲಿ ಹೊಡೆಯುತ್ತಿತ್ತು. ಹತ್ತು ನಿಮಿಷದಲ್ಲಿ ಒಪ್ಪಂದ ಕುದುರಿತು: ಮೇಸ್ತ್ರಿ ಮೂರು ರೂಮಿಗೆ ಬಣ್ಣ ಹೊಡೆಯಬೇಕು, ಮೇಸ್ತ್ರಿಯ ಸಂಸಾರ ಮೂರು ರಾತ್ರಿ ಊಟ ಸಮೇತ ಪುಕ್ಕಟೆ ಇರಬಹುದು. ಇಷ್ಟಕ್ಕೆ ನಿಲ್ಲಿಸಿದ್ದರೆ ಅವನು ಸಾಮಾನ್ಯ ಮನುಷ್ಯನಾಗಿಬಿಡುತ್ತಿದ್ದ.

“ಬಣ್ಣಾನೂ ನಾನೇ ತರ್ತೀನಿ ಅಮ್ಮಾವ್ರೇ. ನೀವು ಅದರ ದುಡ್ಡು ಕೊಟ್ಟುಬಿಡಿ ಸಾಕು,” ಎಂದ.

ಆ ಬಣ್ಣ ಅವನ ಹಿತ್ತಿಲಲ್ಲಿ ಆಗಲೇ ಇತ್ತು. ಹತ್ತಾರು ಮನೆಗಳ ಕೆಲಸ ಮುಗಿದಾಗ ಡಬ್ಬಗಳಲ್ಲಿ ಉಳಿದದ್ದನ್ನೆಲ್ಲ ತಳ ಕೆರೆದು, ಸೋಸಿ, ಒಂದೇ ಡ್ರಮ್ಮಿಗೆ ಸುರಿದಿಟ್ಟಿದ್ದ. ದಂತವೈದ್ಯರ ಹಸಿರು, ಮದುವೆ ಮನೆಯ ಗುಲಾಬಿ, ಬ್ಯಾಂಕಿನ ನೀಲಿ, ಯಾರದೋ ಮಕ್ಕಳ ಕೋಣೆಯ ಹಳದಿ ಎಲ್ಲವೂ ಅದರೊಳಗೆ ಜಾತಿ ಮರೆತು ಒಂದಾಗಿದ್ದವು.

“ಇದೇನ್ರೀ ಬಣ್ಣ, ಪಾತ್ರೆ ತೊಳೆದ ನೀರಿನ ಹಾಗಿದೆ,” ಎಂದಳು ಹೆಂಡತಿ.

“ಗೋಡೆ ಮೇಲೆ ಬಿದ್ದ ಮೇಲೆ ಹೇಳು. ನನ್ನದೇನು ದೊಡ್ಡ ಕೆಲಸ ಅಲ್ಲಿ? ಬೆಳಿಗ್ಗೆ ಒಂದು ಗಂಟೆ. ನೀನು ಏಳೋದರೊಳಗೆ ಮುಗಿದಿರುತ್ತೆ.”

“ಅಳಿಯಂದಿರು ಬಲು ಚುರುಕು,” ಎಂದರು ಅತ್ತೆ, ಬ್ಯಾಗಿಗೆ ಕಂಬಳಿ ತುರುಕುತ್ತ. “ಹನ್ನೆರಡು ವರ್ಷದ ಕೆಲಸಾನ ಒಂದೇ ಗಂಟೇಲಿ ಮುಗಿಸ್ತಾರೆ.”

ದೋಣಿಗೆಂದು ಮೇಸ್ತ್ರಿ ಒಂದಿಷ್ಟು ದುಡ್ಡನ್ನು ಲಕೋಟೆಯಲ್ಲಿ ಹಾಕಿ, ಅಂಗಿಯ ಒಳಜೇಬಿಗೆ ಸೇಫ್ಟಿ ಪಿನ್ ಚುಚ್ಚಿಟ್ಟುಕೊಂಡ. ಲಕೋಟೆಗೆ ಹಾಕುವ ಮುನ್ನ ಆ ನೋಟುಗಳನ್ನು ಏಳು ಸಲ ಎಣಿಸಿದ ಎನ್ನುವವರಿದ್ದಾರೆ. ಒಂದಕ್ಕೊಂದು ಅಂಟಿಕೊಂಡಿದ್ದಿರಬೇಕು.

ಲಾಡ್ಜು ಚೆನ್ನಾಗಿಯೇ ಇತ್ತು. ಹೆಂಚಿನ ಮಾಡು, ಎದುರಿಗೆ ಕಣ್ಣು ಹಾಯುವಷ್ಟು ನೀರು, ನೀರಿನಂಚಿಗೆ ಉದ್ದನೆಯ ಮರದ ಬೆಂಚು. ಹೆಂಡತಿ ಬ್ಯಾಗು ಇಳಿಸುವ ಮೊದಲೇ ಹೋಗಿ ಆ ಬೆಂಚನ್ನು ಕೈಯಿಂದ ಮುಟ್ಟಿ ನೋಡಿ ಬಂದಳು. ಮೇಸ್ತ್ರಿ ಬೆಂಚು ನೋಡಲಿಲ್ಲ. ಅವನ ಕಣ್ಣು ಗೋಡೆಗಳ ಮೇಲಿತ್ತು. ಹಳೇ ಸುಣ್ಣ ಹಪ್ಪಳದ ಹಾಗೆ ಏಳುತ್ತಿತ್ತು.

ಒಂದು ಗಂಟೆಯ ಕೆಲಸ ಕೆರೆಯುವುದರಲ್ಲೇ ಸಂಜೆಯಾಯಿತು. ಗೋಡೆಯ ಬಿರುಕಿಗೆಲ್ಲ ಪುಟ್ಟಿಯ ಹಿಟ್ಟು ಮೆತ್ತಬೇಕು, ಅದು ಒಣಗಬೇಕು, ಉಜ್ಜಬೇಕು. ರಾತ್ರಿ ಮಲಗಲು ಹೋದರೆ ಆ ರೂಮಿನ ತುಂಬ ದೂಳು. ಎಲ್ಲರೂ ಹಾಸಿಗೆ ಹೊತ್ತು ಪಕ್ಕದ ರೂಮಿಗೆ ಹೋದರು. ಮರುದಿನ ಆ ರೂಮಿಗೂ ಪುಟ್ಟಿ ಬಿದ್ದಿತು. ಮತ್ತೆ ಹಾಸಿಗೆ ಹೊತ್ತು ಮೂರನೆಯದಕ್ಕೆ.

“ಬೆಕ್ಕು ಮರಿ ಕಚ್ಕೊಂಡು ಮನೆ ಬದಲಾಯಿಸಿದ ಹಾಗಾಯ್ತು ನಮ್ಮ ಪ್ರವಾಸ,” ಎಂದರು ಅತ್ತೆ. “ಬೆಕ್ಕಾದರೂ ಏಳು ಮನೇಗೆ ನಿಲ್ಲಿಸುತ್ತೆ.”

“ಜಾಗ ಬದಲಾದ್ರೆ ತಾನೇ ಅತ್ತೆ ಪ್ರವಾಸ ಅನ್ನೋದು,” ಎಂದ ಮೇಸ್ತ್ರಿ ಏಣಿಯ ಮೇಲಿನಿಂದ.

ಹೆಂಡತಿ ಬೆಂಚಿನ ಮೇಲೆ ಒಬ್ಬಳೇ ಕೂತು ಎದ್ದು ಬಂದಳು. “ಬರ್ತೀರಾ? ಚಹಾ ತರ್ತಾರಂತೆ.”

“ಈ ಒಂದು ಕೋಟು ಮುಗಿಸಿ ಬಂದೆ ಕಣೇ. ನೀನು ಕುಡೀತಿರು.”

ಆ ಕೋಟು ಒಣಗುವವರೆಗೆ ಅವಳು ಇನ್ನೆರಡು ಸಲ ಬಂದು ಕರೆದಳು. ಕೊನೆಯ ಸಲ ಅವನ ಕೈಗೆ ಗೋಡೆ ಉಜ್ಜುವ ಉಪ್ಪುಕಾಗದ ಕೊಟ್ಟು ಹೋದಳು, ಏಕೆಂದರೆ ಅದು ಕೆಳಗೆ ಬಿದ್ದಿತ್ತು. ಆಮೇಲೆ ಕರೆಯಲು ಬರಲಿಲ್ಲ.

ಬಣ್ಣ ಮಾತ್ರ ಗೋಡೆಗೆ ಬಿದ್ದದ್ದೇ ತಡ, ಪವಾಡ. ಪಾತ್ರೆ ತೊಳೆದ ನೀರು ಒಣಗುತ್ತ ಒಣಗುತ್ತ ಪಾರಿವಾಳದ ಕುತ್ತಿಗೆಯ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಬೂದಿ, ಮಧ್ಯಾಹ್ನ ನೇರಳೆ, ಸಂಜೆ ಬಿಸಿಲಿಗೆ ಬಂಗಾರದ ಸುಳಿವು. ಸರೋವರವೇ ನಾಚಿ ಒಂದು ಗೇಣು ಹಿಂದೆ ಸರಿಯಿತು ಎಂದರೆ ಅದರಲ್ಲಿ ಅರ್ಧ ಮಾತ್ರ ಉತ್ಪ್ರೇಕ್ಷೆ. ಲಾಡ್ಜಿನ ಒಡತಿ ಬಾಗಿಲಲ್ಲಿ ನಿಂತು ಕೆನ್ನೆಗೆ ಕೈ ಹಚ್ಚಿಕೊಂಡಳು.

“ಮೇಸ್ತ್ರಿಗಳೇ, ಇದು ಯಾವ ಕಂಪನಿ ಬಣ್ಣ?”

“ಕಂಪನಿಯವರ ಕೈಲಿ ಇದೆಲ್ಲ ಆಗುತ್ತಾ ಅಮ್ಮಾವ್ರೇ? ಇದು ಕೈಗುಣ.”

“ಹಾಗಾದ್ರೆ ಮುಂಭಾಗದ ದೊಡ್ಡ ಹಾಲಿಗೂ ಇದೇ ಹೊಡೀರಿ. ಬೇಕಾದ್ರೆ ಅದರ ದುಡ್ಡು ಬೇರೆ ಕೊಡ್ತೀನಿ.”

ಬುದ್ಧಿ ಇದ್ದವನಾದರೆ ಡ್ರಮ್ಮಿನೊಳಗೆ ಇಣುಕಿ ನೋಡಿ ಉತ್ತರ ಕೊಡುತ್ತಿದ್ದ. ಹೊಗಳಿಕೆಗೆ ಉಬ್ಬಿದ ಮೇಸ್ತ್ರಿಗೆ ಆ ಹೊತ್ತಿಗೆ ಕುತ್ತಿಗೆ ಬಗ್ಗುತ್ತಿರಲಿಲ್ಲ. “ಹಾಲೇನು, ಕೊನೇ ಇಟ್ಟಿಗೆವರೆಗೂ ಇದೇ ಬಣ್ಣ!” ಎಂದ.

ಮೂರನೆಯ ದಿನ ಮಧ್ಯಾಹ್ನ, ಹಾಲಿನ ಎರಡು ಗೋಡೆ ಮುಗಿದು ಮೂರನೆಯದು ನಡುಮಟ್ಟಕ್ಕೆ ಬಂದಾಗ ರೋಲರು ಡ್ರಮ್ಮಿನ ತಳಕ್ಕೆ ತಾಗಿ ಡಣ್ ಎಂದಿತು. ಇಡೀ ಜನ್ಮದಲ್ಲಿ ಮೊದಲ ಬಾರಿಗೆ ಮೇಸ್ತ್ರಿಗೆ ಕೆರೆಯಲು ತಳವೂ ಉಳಿದಿರಲಿಲ್ಲ.

ಬೇರೆ ಯಾವ ಬಣ್ಣಗಾರನಾದರೂ ಅಂಗಡಿಗೆ ಹೋಗಿ ಡಬ್ಬದ ನಂಬರು ಹೇಳಿ ಇನ್ನೊಂದು ಡಬ್ಬ ತರುತ್ತಾನೆ. ಈ ಬಣ್ಣಕ್ಕೆ ನಂಬರೆಲ್ಲಿ? ದಂತವೈದ್ಯರ ಹಸಿರು ಎಷ್ಟು, ಬ್ಯಾಂಕಿನ ನೀಲಿ ಎಷ್ಟು ಎಂದು ಆ ಸೃಷ್ಟಿಕರ್ತನಿಗೂ ಗೊತ್ತಿಲ್ಲ. ಮೇಸ್ತ್ರಿ ಪೇಟೆಗೆ ಓಡಿದ. ಒಡತಿ ಕೊಟ್ಟ ಬಣ್ಣದ ದುಡ್ಡಿನಲ್ಲಿ ನಾಲ್ಕು ಸಣ್ಣ ಡಬ್ಬ ತಂದು ಕಲಸಿದ. ಹಸಿಯಾಗಿದ್ದಾಗ ಅವಳಿಜವಳಿ, ಒಣಗಿದ ಮೇಲೆ ದಾಯಾದಿಗಳು. ಮತ್ತೆ ಓಡಿದ. ಈ ಸಲ ಬಣ್ಣದ ದುಡ್ಡು ಮುಗಿದಿತ್ತು. ಅಂಗಡಿಯ ಮುಂದೆ ನಿಂತು ಒಳಜೇಬಿನ ಸೇಫ್ಟಿ ಪಿನ್ ಬಿಚ್ಚಿದ.

ಸಂಜೆ ನಾಲ್ಕಕ್ಕೆ ಅಂದಿನ ಕೊನೆಯ ದೋಣಿ. ಹೆಂಡತಿ, ಮಗಳು, ಅತ್ತೆ ತಲೆ ಬಾಚಿಕೊಂಡು, ಸ್ವೆಟರು ತೊಟ್ಟು ದಂಡೆಯಲ್ಲಿ ನಿಂತಿದ್ದರು. ಮೇಸ್ತ್ರಿ ಮೊಣಕೈವರೆಗೆ ಬಣ್ಣ ಮೆತ್ತಿಕೊಂಡು ಬಂದ.

“ಲಕೋಟೆ ಕೊಡಿ, ಟಿಕೆಟ್ ತಗೋತೀನಿ,” ಎಂದಳು ಹೆಂಡತಿ.

ಮೇಸ್ತ್ರಿ ನೀರನ್ನು ನೋಡಿದ.

“ದೋಣಿ ದುಡ್ಡು ಎಲ್ರೀ?”

“ಗೋಡೆ ಮೇಲಿದೆ.”

“ಗೋಡೆ ಮೇಲೆ ದೋಣಿ ನಡೆಸ್ತಾರಾ ಅಪ್ಪ?” ಎಂದು ಮಗಳು ಕೇಳಿದಳು. ಅವಳಿಗೆ ನಿಜವಾಗಿಯೂ ಅನುಮಾನವಿತ್ತು.

ಹೆಂಡತಿ ರೇಗಲಿಲ್ಲ, ಅಳಲಿಲ್ಲ. ಸ್ವೆಟರಿನ ತೋಳು ಮಡಚಿಕೊಂಡು ನೇರ ಹಾಲಿಗೆ ನಡೆದಳು. ಮೂರನೆಯ ಗೋಡೆಯ ಮೇಲೆ ಏಳು ಬಗೆಯ ಪಟ್ಟಿಗಳಿದ್ದವು, ಒಂದಕ್ಕೊಂದು ಮುಖ ತಿರುಗಿಸಿಕೊಂಡು. ಒಡತಿ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

“ನೋಡಮ್ಮ, ಕೊನೇ ಇಟ್ಟಿಗೆವರೆಗೂ ಅಂದಿದ್ರು ನಿನ್ನ ಯಜಮಾನ್ರು.”

“ಅವರು ಹಾಗೇ ಅಮ್ಮ. ಮಾತಿಗೆ ಕಾಸಿಲ್ಲ ಅಂತ ಅದೊಂದನ್ನ ಮಾತ್ರ ಧಾರಾಳವಾಗಿ ಖರ್ಚು ಮಾಡ್ತಾರೆ,” ಎಂದಳು ಹೆಂಡತಿ. ಒಂದು ನಿಮಿಷ ಗೋಡೆ ನೋಡಿದಳು. “ಇದನ್ನ ಹೊಂದಿಸೋಕೆ ಹೋಗೋದು ಯಾಕೆ? ಈ ಎರಡು ಗೋಡೆ ಹಾಗೇ ಇರಲಿ. ಉಳಿದ ಎರಡಕ್ಕೆ ಬರೀ ಬಿಳಿ ಹೊಡೀಲಿ. ಎದುರಿಗೆ ನೀರಿದೆಯಲ್ಲ, ಬೆಳಕೆಲ್ಲ ಬಿಳಿ ಮೇಲೆ ಬಿದ್ದು ಈ ಬಣ್ಣ ಎದ್ದು ಕಾಣುತ್ತೆ. ಬೇಕಂತಲೇ ಮಾಡಿಸಿದ್ದು ಅನ್ಕೋತಾರೆ ಬಂದವರು.”

ಒಡತಿ ಎರಡು ಹೆಜ್ಜೆ ಹಿಂದೆ ಹೋದಳು, ತಲೆ ಓರೆ ಮಾಡಿದಳು. “ಅಯ್ಯೋ ಹೌದಲ್ಲ! ಉಗ್ರಾಣದಲ್ಲಿ ಬಿಳಿ ಎರಡು ಡಬ್ಬ ಬಿದ್ದಿದೆ.”

ಇಪ್ಪತ್ತು ವರ್ಷದ ಕಸುಬಿನವನಿಗೆ ಅರ್ಧ ದಿನ ತಲೆ ಕೆರೆದರೂ ಹೊಳೆಯದ್ದು ಅದು. ಹೊಳೆಯುವುದಾದರೂ ಹೇಗೆ? ತನ್ನ ಬಣ್ಣ ಮುಗಿದಿದೆ ಎಂದು ಒಪ್ಪಿಕೊಂಡವರಿಗೆ ಮಾತ್ರ ಬಿಳಿ ಕಾಣುತ್ತದೆ.

“ಏನು ಕೊಡ್ಲಮ್ಮ ನಿನ್ನ ಬುದ್ಧಿಗೆ?” ಎಂದಳು ಒಡತಿ, ನಗುತ್ತ. ಸುಮ್ಮನೆ ಆಡಿದ ಮಾತು. ಹೆಂಡತಿ ಅದನ್ನು ಸುಮ್ಮನೆ ಬಿಡಲಿಲ್ಲ.

“ನನಗೂ ನಮ್ಮಮ್ಮನಿಗೂ ಇನ್ನೆರಡು ರಾತ್ರಿ. ಬಣ್ಣದ ವಾಸನೆ ಇಲ್ಲದ ರೂಮು. ಎರಡು ದೋಣಿ ಟಿಕೆಟ್ಟು.”

“ಎರಡೇ?” ಎಂದ ಮೇಸ್ತ್ರಿ.

“ನನ್ನ ಕೆಲಸಕ್ಕೆ ಫೋನಲ್ಲೇ ರಜ ಹೇಳ್ತೀನಿ. ಮಗಳಿಗೆ ನಾಡಿದ್ದು ಶಾಲೆ ಇದೆ. ಜೊತೆಗೆ ಯಾರಾದರೂ ಮನೇಗೆ ಹೋಗಬೇಕಲ್ಲ. ಅವಳಿಗೆ ನಾಳೆ ಬೆಳಿಗ್ಗೆ ಮೊದಲ ದೋಣೀಲಿ ನಾನೇ ಸುತ್ತಿಸ್ತೀನಿ, ಮಕ್ಕಳಿಗೆ ಟಿಕೆಟ್ ಇಲ್ವಂತೆ.”

“ಅಳಿಯಂದಿರಿಗೂ ಕೇಳೋಣ ಅಂದ್ರೆ,” ಎಂದರು ಅತ್ತೆ, “ಪಾಪ, ಅವರಿಗೆ ಬಿಳಿ ಹೊಡೆಯೋದಿದೆ.”

ನಾಲ್ಕನೆಯ ದಿನ ಮೇಸ್ತ್ರಿ ಬಿಳಿ ಹೊಡೆದ. ಹಾಲು ನೋಡಿದವರು ಇಂದಿಗೂ ಮೂಗಿನ ಮೇಲೆ ಬೆರಳಿಡುತ್ತಾರೆ. ಐದು ಗಂಟೆಯ ಬಸ್ಸಿಗೆ ಮಗಳ ಕೈ ಹಿಡಿದು ಹೊರಟ. ಹೊರಡುವ ಮುನ್ನ ಕೈ ತೊಳೆದು, ಹೋಗಿ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತ. ಚಹಾ ಬಂತು. ಆರೂವರೆಗೆ ಸೂರ್ಯ ಕೆಂಪಗೆ ನೀರಿಗಿಳಿಯುವುದನ್ನು ಇಬ್ಬರೂ ನೋಡಿದರು. ಅವಳು ಅವನ ಭುಜಕ್ಕೆ ತಲೆಯಾನಿಸಿ, ‘ಹನ್ನೆರಡು ವರ್ಷ ಕಾದದ್ದು ಸಾರ್ಥಕ ಆಯ್ತು ರೀ’ ಎಂದಳು.

ಐದಕ್ಕೆ ಬಸ್ಸು ಹತ್ತಿದವನು ಆರೂವರೆಗೆ ಬೆಂಚಿನ ಮೇಲೆ ಹೇಗಿದ್ದ ಎಂದು ನಿಮ್ಮಲ್ಲಿ ಯಾರೋ ಒಬ್ಬರು ಕೇಳಿಯೇ ಕೇಳುತ್ತೀರಿ. ಸರಿ, ಸಿಕ್ಕಿಬಿದ್ದೆ.

ಕೂರಲಿಲ್ಲ. ನಾಲ್ಕು ದಿನದಲ್ಲಿ ಒಂದು ನಿಮಿಷವೂ ಅವನು ಆ ಬೆಂಚಿನ ಮೇಲೆ ಕೂರಲಿಲ್ಲ. ಅವನು, ಅವನು ಎನ್ನುತ್ತ ಬಂದೆ. ಅದೂ ಹೋಗಲಿ, ಮೇಸ್ತ್ರಿ ನಾನೇ. ಜೇಬಿನಲ್ಲಿ ಬಸ್ಸಿನ ಟಿಕೆಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಟಿಕೆಟ್ಟಿನ ದುಡ್ಡೂ ಅತ್ತೆ ಕೊಟ್ಟದ್ದು. ಬಸ್ಸು ತಿರುವಿನಲ್ಲಿ ಹೊರಳಿದಾಗ ಕಿಟಕಿಯಿಂದ ಬೆಂಚು ಕಂಡಿತು. ಅವಳು ಕಾಲು ಮೇಲೆ ಮಡಚಿಕೊಂಡು ಕೂತಿದ್ದಳು. ಒಬ್ಬ ಹೆಂಗಸು ತಟ್ಟೆಯಲ್ಲಿ ಚಹಾ ತಂದಳು. ಮಗಳು ನನ್ನ ತೊಡೆಯ ಮೇಲೆ ಹತ್ತಿ ನಿಂತು ‘ಅಮ್ಮಾ’ ಎಂದು ಕೈ ಬೀಸಿದಳು.

ನಮ್ಮ ಬೀದಿಯವರಿಗೆ, ಅವಳು ಬಸ್ಸು ಮರೆಯಾಗುವವರೆಗೂ ನಮ್ಮನ್ನೇ ನೋಡುತ್ತ ನಿಂತಿದ್ದಳು ಎಂದು ಹೇಳಿದ್ದೇನೆ. ನಿಂತಿರಲಿಲ್ಲ. ಬಸ್ಸಿನ ಸದ್ದು ಅವಳಿಗೆ ಕೇಳಿಸಿತ್ತು, ತಿರುಗಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ನೀರು ನೋಡುತ್ತಿದ್ದಳು.