ಪೈಬಸ್ ಮನೆಯ ಬಕೆಟ್ಟು

ಡೆಸ್ಮಂಡ್ ಪೈಬಸ್‌ನ ಕಡತದಲ್ಲಿ ನಾನು ಹನ್ನೊಂದು ವರ್ಷಗಳಿಂದ ಒಂದೇ ವಾಕ್ಯ ಬರೆಯುತ್ತ ಬಂದಿದ್ದೆ: 'ಭೇಟಿ ಆಯಿತು, ಚೆನ್ನಾಗಿ ಸಹಕರಿಸಿದರು.' ಆ ಸಹಕಾರ ಹೇಗೆ ಸಿಕ್ಕಿತು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಮುಂಬಾಗಿಲು ತಟ್ಟಿದರೆ ಅವನು ತೆಗೆಯುವುದಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕೋಣೆಯ ಕಿಟಕಿಗೆ ಬೆರಳಿನಿಂದ ಎರಡು ಸಲ ಕುಟ್ಟಿ, ಅಲ್ಲೇ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವನಿಗೆ ಬೆನ್ನು ಮಾಡಿ ಕೂತು, ಊರ ಮುಂದಿನ ಜಲಸಂಧಿಯ ಗಾಳಿಯ ಮಾತು ತೆಗೆಯಬೇಕು. ಡೆಸ್ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು; ಗಾಳಿಯ ವಿಷಯ ಬಂದರೆ ಸುಮ್ಮನಿರಲಾರ. ಗಾಳಿಯಿಂದ ನಿದ್ರೆಗೆ, ನಿದ್ರೆಯಿಂದ ಮಾತ್ರೆಗೆ, ಮಾತ್ರೆಯಿಂದ ಅವನ ಕಿವಿಯಲ್ಲಿ ಬೈಯುವ ದನಿಗಳಿಗೆ ಬರಲು ನಲವತ್ತು ನಿಮಿಷ ಬೇಕು.

ಬರ್ನಿ ಎಂಬ ಈ ಬಂದರು ಊರಿನ ನಮ್ಮ ತುರ್ತು ಮನೋ ಆರೋಗ್ಯ ತಂಡದ ಬೆಳಗಿನ ಸಭೆಯಲ್ಲಿ ಅವನ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು "ಡೆಸ್ ಗ್ಲೆನಿಸ್‌ಳ ಗಿರಾಕಿ, ಬಿಡಿ" ಅನ್ನುತ್ತಿದ್ದರು. ಗ್ಲೆನಿಸ್ ಅಂದರೆ ನಾನು. ಆ ಮಾತು ಕೇಳಲೆಂದೇ ನಾನು ಸಭೆಗೆ ತಪ್ಪದೆ ಹೋಗುತ್ತಿದ್ದೆ ಎಂದರೂ ಸುಳ್ಳಲ್ಲ.

ಆಮೇಲೆ ಸಲೋತೆ ಬಂದಳು. ಫಿಜಿಯವಳು, ಮೂವತ್ತನಾಲ್ಕು ವರ್ಷ, ನನ್ನ ಹಾಗೆಯೇ ನರ್ಸ್ ಪ್ರಾಕ್ಟಿಷನರ್. ಅಂದರೆ ವೈದ್ಯರಿಗೆ ಕಾಯದೆ ತಾನೇ ರೋಗಿಯನ್ನು ನೋಡಿ ಮದ್ದು ಬರೆಯಬಲ್ಲ ನರ್ಸ್. ಆ ಅಧಿಕಾರ ಪಡೆಯಲು ನನಗೆ ಹದಿನೆಂಟು ವರ್ಷ ಹಿಡಿದಿತ್ತು, ಅವಳಿಗೆ ಒಂಬತ್ತು. ಅದನ್ನಾದರೂ ಕ್ಷಮಿಸಬಹುದಿತ್ತು. ನನ್ನ ಮೇಲೆ ಚಹಾದ ಕಪ್ಪು ಎಸೆದಿದ್ದ ಮುದುಕಿಯೊಬ್ಬಳು ಅವಳಿಗೆ ಮನೆಯಲ್ಲೇ ಮಾಡಿದ ನಿಂಬೆಯ ಜಾಮ್ ಕೊಟ್ಟು ಕಳಿಸಿದಳು. ನಮ್ಮ ವೈದ್ಯರು ಎಲ್ಲರೆದುರು "ಸಲೋತೆಗೆ ಕಿವಿ ಇದೆ" ಎಂದರು. ನನ್ನ ತಲೆಯ ಎರಡೂ ಪಕ್ಕಕ್ಕೆ ಇರುವುದೇನು ಎಂದು ನಾನು ಕೇಳಲಿಲ್ಲ. ಕಾರಿನಲ್ಲಿ ಅವಳು ಹಾಡುತ್ತಾಳೆ; ಅದೂ ಚೆನ್ನಾಗಿ.

ಸೆಪ್ಟೆಂಬರಿನಲ್ಲಿ ನನ್ನ ಪಾದದ ಮೂಳೆ ಮುರಿಯಿತು. ಕರ್ತವ್ಯದಲ್ಲಲ್ಲ, ಬೇಕರಿಯ ಮೆಟ್ಟಿಲಿನ ಮೇಲೆ. ಆರು ವಾರ ಕಚೇರಿಯಲ್ಲಿ ಫೋನಿನ ಮುಂದೆ ಕೂರುವ ಕೆಲಸ. ನನ್ನ ರೋಗಿಗಳನ್ನೆಲ್ಲ ಬೇರೆಯವರಿಗೆ ಹಂಚುವಾಗ, "ಡೆಸ್ ಆರಾಮಾಗಿದಾನೆ, ನಾನು ಬರೋವರೆಗೆ ಯಾರೂ ಹೋಗಬೇಕಾಗಿಲ್ಲ" ಎಂದೆ. ಯಾರೂ ಹೋಗಲಿಲ್ಲ.

ಮೂರನೆಯ ವಾರ, ಬುಧವಾರ ಬೆಳಿಗ್ಗೆ ಔಷಧಿ ಅಂಗಡಿಯವರು ಫೋನ್ ಮಾಡಿದರು: ಪೈಬಸ್ ಎರಡು ವಾರದಿಂದ ಮಾತ್ರೆ ಒಯ್ದಿಲ್ಲ. ಹಿಂದೆಯೇ ಪಕ್ಕದ ಮನೆಯವಳ ಫೋನು: ಕಿಟಕಿಗಳಿಗೆ ಪತ್ರಿಕೆ ಅಂಟಿಸಿಕೊಂಡು ಕೂಗಾಡುತ್ತಿದ್ದಾನೆ. ಮಾಮೂಲು ಭೇಟಿಗೆ ಒಬ್ಬರು ಸಾಕು; ಇಂಥ ತುರ್ತು ಕರೆಗೆ ಇಬ್ಬರು ಜೊತೆಯಾಗಿಯೇ ಹೋಗಬೇಕೆಂಬುದು ನಮ್ಮ ನಿಯಮ. ಸಲೋತೆ ಮತ್ತು ನಮ್ಮ ತಂಡದ ಇನ್ನೊಬ್ಬ ನರ್ಸ್ ಕ್ಲೈವ್ ಹೊರಟರು.

ಹತ್ತೂವರೆಗೆ ಸಲೋತೆಯ ಫೋನ್ ಬಂತು. "ಅರ್ಧ ಗಂಟೆಯಿಂದ ಬಾಗ್ಲು ತಟ್ತಿದೀವಿ. 'ನಿಮ್ಮನ್ನ ಯಾರು ಕಳಿಸಿದಾರೆ ಗೊತ್ತು, ಹೋಗ್ರೋ' ಅಂತಾರೆ. ನೀವು ಬಂದಾಗ ಏನು ಮಾಡ್ತಿದ್ರಿ?"

"ವಿಶೇಷ ಏನಿಲ್ಲ. ತಟ್ತಿದ್ದೆ, ತೆಗೀತಿದ್ದ."

"ಅಷ್ಟೇನಾ?"

"ಅಷ್ಟೇ. ಹಳೇ ಪರಿಚಯ ಅಲ್ವಾ."

ಫೋನಿಟ್ಟೆ. ಆರು ವರ್ಷದ ಹಿಂದೆ ನಾನು ರಜೆಯಲ್ಲಿದ್ದಾಗ ಪೊಲೀಸರು ಅದೇ ಬಾಗಿಲು ಒಡೆದು ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದರು. ಮೂರು ತಿಂಗಳು ವಾರ್ಡಿನಲ್ಲಿದ್ದ. ಮನೆಗೆ ಬಂದಮೇಲೆ ಒಂದು ತಿಂಗಳು ಗಾಳಿಯ ಬಗ್ಗೆಯೂ ತುಟಿ ಬಿಚ್ಚಲಿಲ್ಲ. ಇದು ನನ್ನಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ನಾನು ಒಂದು ಚಿತ್ರ ಕಟ್ಟಿಕೊಳ್ಳುತ್ತ ಕೂತಿದ್ದೆ: ಕ್ಲೈವ್ ಕಾರು ತಂದು ನನ್ನನ್ನು ಕರೆದೊಯ್ಯುತ್ತಾನೆ, ನಾನು ಊರುಗೋಲು ಊರುತ್ತ ಆ ಓಣಿಯಲ್ಲಿ ನಡೆಯುತ್ತೇನೆ, ಸಲೋತೆ ಗೇಟು ಹಿಡಿದು ನಿಂತಿರುತ್ತಾಳೆ. ಚಿತ್ರ ಸೊಗಸಾಗಿತ್ತು.

ಮತ್ತೆ ಫೋನ್. "ಗ್ಲೆನಿಸ್, ಒಳಗೆ ಏನೋ ಒಡೆದ ಸದ್ದಾಯ್ತು. ಪೊಲೀಸರಿಗೆ ಹೇಳಿದೀನಿ, ಇಪ್ಪತ್ತು ನಿಮಿಷ ಅಂದ್ರು. ನನಗಂತೂ ಇಷ್ಟ ಇಲ್ಲ. ಬೇರೆ ದಾರೀನೇ ಕಾಣ್ತಿಲ್ಲ."

ಅವಳ ದನಿ ನಡುಗುತ್ತಿತ್ತು. ಒಂದು ವರ್ಷದಿಂದ ನಾನು ಕೇಳಬೇಕೆಂದಿದ್ದ ನಡುಕ. ಕೇಳಿದಾಗ ಅಂಥ ರುಚಿಯೇನೂ ಇರಲಿಲ್ಲ.

"ಹಿತ್ತಲಿಗೆ ಹೋಗು," ಎಂದೆ. ಕಿಟಕಿ, ಎರಡು ಕುಟ್ಟು, ಬಕೆಟ್ಟು, ಬೆನ್ನು, ಗಾಳಿ, ಎಲ್ಲವನ್ನೂ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಅದಕ್ಕೂ ಅವಳ ಮೇಲೆ ಸಿಟ್ಟು ಬಂತು.

ಕ್ಲೈವ್ ಮುಂಬಾಗಿಲಲ್ಲೇ ಉಳಿಯುವುದೆಂದಾಯಿತು; ಹೀಗೆ ಒಬ್ಬರೇ ಹಿತ್ತಲಿಗೆ ಹೋಗುವಾಗ ಫೋನ್ ಚಾಲೂ ಇಡಬೇಕು. ಅವಳು ಅದನ್ನು ಜೇಬಿಗೆ ಹಾಕಿಕೊಂಡಳು. ನಾನು ಕಿವಿಗೊಟ್ಟೆ.

"ಬಕೆಟ್ಟಾ? ತಮಾಷೆ ಮಾಡ್ತಿದಾಳಾ ಆಯಮ್ಮ?" ಕ್ಲೈವ್‌ನ ದನಿ. ಹೆಜ್ಜೆಗಳು. ಟಕ್, ಟಕ್. ಬಕೆಟ್ಟು ಕಿರುಗುಟ್ಟಿತು, ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

"ಡೆಸ್, ನಾನು ಸಲೋತೆ. ಗಾಳಿ ಬಗ್ಗೆ ಮಾತಾಡ್ಬೇಕಂತೆ. ನನಗೆ ಅದು ಒಂಚೂರೂ ಗೊತ್ತಿಲ್ಲ. ಹಡಗು ಹತ್ತಿದ್ರೆ ವಾಂತಿ ಮಾಡ್ಕೊಳ್ಳೋಳು ನಾನು."

ಬಕೆಟ್ಟು ಮತ್ತೆ ಕಿರುಗುಟ್ಟಿತು. ಆಮೇಲೆ ಒಳಗಿಂದ ಡೆಸ್‌ನ ದನಿ, "ಯಾವೂರು ನಿಂದು?"

"ಫಿಜಿ."

"ಸುತ್ತ ನೀರಿಟ್ಕೊಂಡು ವಾಂತಿನಾ! ನಾಚ್ಕೆ ಆಗಲ್ವಾ?"

"ಆಗತ್ತೆ."

ಕಿಟಕಿ ಸರಿದ ಸದ್ದು. "ಗ್ಲೆನಿಸ್ ಸಿಸ್ಟರ್ ಸತ್ತಳಾ?"

"ಇಲ್ಲ ಇಲ್ಲ. ಕಾಲು ಮುರ್ಕೊಂಡು ಆಫೀಸಲ್ಲಿ ಕೂತಿದಾರೆ. ಈ ದಾರಿ ಹೇಳಿದ್ದೂ ಅವರೇ."

"ಸತ್ತಳು ಅಂತ ಇವು ಬಡ್ಕೊಳ್ತಿದಾವೆ ಕಿವೀಲಿ. ಮೂರು ವಾರ ಆಯ್ತು."

ನಾನು ಇನ್ನೊಂದು ಫೋನ್ ಎತ್ತಿ ಪೊಲೀಸರಿಗೆ ಬರಬೇಡಿ ಎಂದೆ. ಅಷ್ಟರಲ್ಲಿ ಈ ಕಡೆ ಚಿಲಕ ಸರಿಯಿತು.

"ಆ ಬಕೆಟ್ಟಿಂದ ಏಳಮ್ಮ, ಅದು ಸೀಳಿದೆ, ಕುಂಡಿ ಕಚ್ಚತ್ತೆ. ಒಳಗೆ ಬಾ, ಕುರ್ಚಿ ಇದೆ."

"ಗ್ಲೆನಿಸ್ ಇದರ ಮೇಲೇ ಕೂರ್ತಾರಂತಲ್ಲ?"

"ಅವಳಿಗೆ ಅದೇ ಇಷ್ಟ. ಒಳಗೆ ಬರ್ಲಾ ಅಂತ ಒಂದಿನಾನೂ ಕೇಳಿದವಳಲ್ಲ. ಗಾಳಿ ಹುಚ್ಚು ಪಾಪ ಅವಳಿಗೆ, ಬಂದ್ರೆ ಬರೀ ಅದೇ ಮಾತು. ನಾನೂ ಹೂಂಗುಟ್ಟಿ ಕಳಿಸ್ತಿದ್ದೆ."

ಸಲೋತೆ ಫೋನ್ ಆರಿಸಿದಳು. ನನ್ನ ಮರ್ಯಾದೆ ಉಳಿಸಲೆಂದೇ ಇರಬೇಕು; ಅಂಥವಳು ಅವಳು.

ಒಂದು ಗಂಟೆಗೆ ಹಿಂದಿರುಗಿದಳು. ಒಡೆದದ್ದು ಟೀ ಕೆಟಲ್ಲು. ಡೆಸ್ ಅವಳೆದುರೇ ಮಾತ್ರೆ ನುಂಗಿದ್ದ. ಇನ್ನು ದಿನಾ ಹೋಗಿ ನೋಡುವುದೆಂದಾಗಿತ್ತು. "ನೀವು ಬದುಕಿದೀರಿ ಅಂತ ಫೋನ್ ಮಾಡಿ ಹೇಳ್ಬೇಕಂತೆ," ಎಂದಳು.

ಮಾಡಿದೆ. ಆಮೇಲೆ ಕಡತ ತೆರೆದು, ಹನ್ನೊಂದು ವರ್ಷ ಮುಚ್ಚಿಟ್ಟಿದ್ದನ್ನು ಯಾರು ಬೇಕಾದರೂ ಓದಿಕೊಂಡು ಹೋಗಬಹುದಾದ ಹಾಗೆ ಬರೆದೆ: ಓಣಿ, ಕಿಟಕಿ, ಎರಡು ಕುಟ್ಟು. ಕೊನೆಯಲ್ಲಿ, 'ಬಕೆಟ್ಟು ಬೇಡ. ಒಳಗೆ ಕುರ್ಚಿ ಇದೆ.'

ಪೆನ್ನು ಮುಚ್ಚಿದೆ. ಮತ್ತೆ ತೆರೆದೆ.

"ಸಲೋತೆ, ಯಾವ ಬಣ್ಣದ್ದು ಅದು?"

"ಏನು?"

"ಕುರ್ಚಿ."

"ಹಸಿರು. ಮೆತ್ತೆ ಹಾಕಿದಾರೆ," ಎಂದಳು, ಕರುಣೆಯೇ ಇಲ್ಲದೆ.

ಚಿಕಿತ್ಸೆಗೆ ಅದರಿಂದ ಏನೂ ಉಪಯೋಗವಿಲ್ಲ. ಆದರೂ ಬರೆದುಕೊಂಡೆ.