ಭಟ್ಟಿಯಲ್ಲಿ ಉಬ್ಬಿದ ಗಿಣಿ

ಚೂಡಿಗೆ ಅಪ್ಪನ ಬನ್ನು ಬೇಡವಾಗಿತ್ತು.

ಮಂಡ್ಯದ ಸ್ಟೇಷನ್ ರಸ್ತೆಯಲ್ಲಿ ವರದರಾಜ ಬ್ರೆಡ್ಡು ಬನ್ನಿನ ಅಂಗಡಿ ಹಾಕಿದ್ದು ಸಕ್ಕರೆ ಕಾರ್ಖಾನೆ ಶುರುವಾದ ಮಾರನೆಯ ವರ್ಷ. ಕಾರ್ಖಾನೆಯ ಎಂಜಿನಿಯರುಗಳ ಮನೆಗೆ ಬ್ರೆಡ್ಡು, ರೈಲಿಗೆ ಕಾಯುವವರಿಗೆ ಬನ್ನು. ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದಿ, ಅಂಗಡಿಯ ಹಿಂದಿನ ಇಟ್ಟಿಗೆ ಭಟ್ಟಿಗೆ ಬೆಂಕಿ ಹಾಕಿಸಿ, ಮೊದಲ ತಗಡು ಹೊರಗೆಳೆಯುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ವಾಸನೆ ಹಿಡಿದು ಬಾಗಿಲಿಗೆ ಬಂದಿರುತ್ತಿದ್ದರು. ನಾಲ್ಕು ವರ್ಷದ ಅವನ ಮಗಳು ಚೂಡಾಮಣಿ ಮಾತ್ರ ಹಿತ್ತಲಲ್ಲಿ ಕೆಲಸದ ಬೆಳ್ಳಮ್ಮನ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ.

ಹೆಂಡತಿ ಆಂಡಾಳ್ ಹೆರಿಗೆಗೆಂದು ಮಳವಳ್ಳಿಯ ತವರಿಗೆ ಹೋಗಿದ್ದಳು. ವಯಸ್ಸಾದ ತಾಯಿಗೆ ಬಾಣಂತನವೇ ಹೆಚ್ಚು, ಇನ್ನು ದೊಡ್ಡ ಮಕ್ಕಳ ಗಲಾಟೆ ಬೇರೆ ಬೇಡವೆಂದು ಚೂಡಿಯನ್ನೂ ಅವಳ ಅಣ್ಣ ಸಂಪತ್ತನ್ನೂ ಇಲ್ಲೇ ಬಿಟ್ಟಿದ್ದಳು. ಸಂಪತ್ತು ಸ್ಕೂಲಿಗೆ ಹೋಗುವವನು, ಅವನ ಚಿಂತೆ ಇರಲಿಲ್ಲ. ಚೂಡಿಯನ್ನು ನೋಡಿಕೊಳ್ಳಲು ನಾಲೆಯಾಚೆಯಿಂದ ಬೆಳ್ಳಮ್ಮ ಬರುತ್ತಿದ್ದಳು. ಬೆಳಗಾಗುತ್ತಲೇ ಬಂದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಅಡುಗೆಮನೆಗೆ ಅವಳು ಬರುವಂತಿರಲಿಲ್ಲ. ಹಿತ್ತಲು, ಜಗಲಿ, ಬಾವಿಕಟ್ಟೆ, ಇಷ್ಟೇ ಅವಳ ರಾಜ್ಯ. ಆ ರಾಜ್ಯಕ್ಕೆ ಚೂಡಿ ಸೇರಿಹೋಗಿದ್ದಳು.

ಬೆಳ್ಳಮ್ಮನ ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ಹಿಡಿ ರಾಗಿಹಿಟ್ಟು. ಬಿಸಿನೀರಲ್ಲಿ ಅದನ್ನು ಕಲಸಿ, ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಚಿವುಟಿ, ಗಿಣಿ, ಬಸವ, ಬೀಸೋಕಲ್ಲು, ಏನು ಬೇಕಾದರೂ ಮಾಡುತ್ತಿದ್ದಳು. ಕಣ್ಣಿಗೆ ಹುರುಳಿಕಾಳು, ರೆಕ್ಕೆಯ ಗರಿಗೆ ಬಾಚಣಿಗೆಯ ಹಲ್ಲು. ಭಟ್ಟಿಯಿಂದ ಎಳೆದುಹಾಕಿದ ಬಿಸಿ ಬೂದಿಯಲ್ಲಿ ಅದನ್ನು ಹೂತು, ಚೂಡಿಯ ಕೈಲಿ ಒಂದು ಕಡ್ಡಿ ಕೊಟ್ಟು, ಕಾಯಲು ಕೂರಿಸುತ್ತಿದ್ದಳು. ಕಾಯುವಾಗ ಚೂಡಿಯ ಬಾಯಿ ತೆರೆದೇ ಇರುತ್ತಿತ್ತು. ತನ್ನ ಭಟ್ಟಿಯ ಮುಂದೆ ಮಗಳು ಒಂದು ದಿನವೂ ಹಾಗೆ ಕೂತದ್ದನ್ನು ವರದರಾಜ ನೋಡಿರಲಿಲ್ಲ.

ಮೊದಮೊದಲು ಅವನು ಅದಕ್ಕೆ ನಕ್ಕ. ಬೆನ್ನು ನೋಯುತ್ತ, ಕಣ್ಣು ಉರಿಯುತ್ತ, ಒಣದ್ರಾಕ್ಷಿ ಹೆಚ್ಚಾಗಿ ಹಾಕಿದ ಬನ್ನೊಂದನ್ನು ಮಗಳಿಗೆಂದೇ ತೆಗೆದಿಟ್ಟು ದಿನವೂ ಹಿತ್ತಲಿಗೆ ತರುವನು. ಎತ್ತಿಕೊಳ್ಳಲು ಹೋದರೆ ಅವಳು ಹಿಟ್ಟು ಮೆತ್ತಿದ ಅವನ ಕೈ ನೋಡಿ ಬೆಳ್ಳಮ್ಮನ ಬೆನ್ನ ಹಿಂದೆ ಸರಿಯುವಳು. ಬನ್ನು ಜಗಲಿಯ ಮೇಲೆ ಒಣಗುವುದು. ಒಂದು ದಿನ ಅವನು, ನಾಯಿಗಾದರೂ ಹಾಕು ಬೆಳ್ಳಮ್ಮ ಅಂದು ಒಳಗೆ ಹೋದ. ಅಂದಿನಿಂದ ಸಂಜೆ ಹೊರಡುವಾಗ ಬೆಳ್ಳಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ಯಾವ ನಾಯಿಗೆಂದು ಅವನು ಕೇಳಲಿಲ್ಲ.

ಒಂದು ಮಧ್ಯಾಹ್ನ ಚೂಡಿ ಸುಟ್ಟ ಬಸವನ ಕಾಲನ್ನು ಕಟಕಟನೆ ಕಡಿಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ತನ್ನ ಬೆಣ್ಣೆಯಂಥ ಬನ್ನು ಮುಟ್ಟದ ಹುಡುಗಿ ಬೂದಿ ಮೆತ್ತಿದ ರಾಗಿಹಿಟ್ಟನ್ನು ಚಪ್ಪರಿಸುತ್ತಿದ್ದಳು. ಮಡಿ ಮೈಲಿಗೆ ಅವನಿಗೆ ನೆನಪಾದದ್ದು ಆಗ. ಪರದೇಶದವರ ತಿಂಡಿ ಸುಡುವವನೆಂದು ಅಗ್ರಹಾರದ ಎಷ್ಟೋ ಮನೆಗಳಲ್ಲಿ ಅವನಿಗೇ ಊಟದ ಎಲೆ ಹಾಕುತ್ತಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು, ನಿನ್ನ ಕೈಯಲ್ಲಿ ಬೇಯಿಸಿದ್ದನ್ನು ಮಗುವಿಗೆ ಕೊಡಬೇಡ, ನಮ್ಮಲ್ಲಿ ಆಗಿಬರುವುದಿಲ್ಲ ಅಂದ.

ಬೆಳ್ಳಮ್ಮ ತಲೆ ಎತ್ತಲಿಲ್ಲ. "ಆಡಕ್ಕೆ ಕೊಟ್ಟಿದ್ದು ಕಣಯ್ನೋರೆ. ತಿಂದ್ಬುಡ್ತು ಮಗ," ಅಂದಳು.

ಅಂದು ಚೂಡಿ ಊಟಕ್ಕೂ ಬರಲಿಲ್ಲ, ಹಾಲೂ ಕುಡಿಯಲಿಲ್ಲ. ಮಾರನೆಯ ದಿನ ಅವನೇ, ಆಡಲು ಮಾತ್ರ ಮಾಡಿಕೊಡು ಅಂದ. ಹಾಗೆ ಅನ್ನಬೇಕಾಗಿ ಬಂದದ್ದು ಅವನನ್ನು ಇನ್ನಷ್ಟು ಉರಿಸಿತು.

ಗಿಣಿ ತಾನೇ? ಹದಿನೈದು ವರ್ಷದಿಂದ ಹಿಟ್ಟು ನಾದಿದ ಕೈ ಇದು. ಭಾನುವಾರ ಅವನು ಬನ್ನಿನ ಹಿಟ್ಟಿನಲ್ಲೇ ಒಂದು ಗಿಣಿ ಮಾಡಿದ. ದುಂಡನೆಯ ಹೊಟ್ಟೆ, ಬಾಗಿದ ಕೊಕ್ಕು, ದ್ರಾಕ್ಷಿಯ ಕಣ್ಣು, ಮೇಲೆ ಸಕ್ಕರೆ ಪಾಕ ಸವರಿ, ತಗಡಿನಲ್ಲಿ ಒಂದೇ ಒಂದನ್ನು ಇಟ್ಟು ಭಟ್ಟಿಗೆ ತಳ್ಳಿದ. ಆಮೇಲೆ ಚೂಡಿಯನ್ನು ಕರೆಸಿ ಭಟ್ಟಿಯ ಮುಂದೆ ನಿಲ್ಲಿಸಿದ.

ತಗಡು ಹೊರಗೆ ಬಂದಾಗ ಕೊಕ್ಕು ಕೆನ್ನೆಯೊಳಗೆ ಹುದುಗಿತ್ತು. ಕತ್ತು ಮಾಯವಾಗಿತ್ತು. ರೆಕ್ಕೆಗಳು ಹೊಟ್ಟೆಯಲ್ಲಿ ಸೇರಿಹೋಗಿ, ದ್ರಾಕ್ಷಿಯ ಕಣ್ಣೆರಡೂ ನೆತ್ತಿಗೆ ಏರಿ ಕೂತಿದ್ದವು. ಹುಳಿ ಬಂದ ಹಿಟ್ಟು ಉಬ್ಬುತ್ತದೆಂದು ಬೀದಿಯ ಮಕ್ಕಳಿಗೂ ಗೊತ್ತು. ಅವನಿಗೆ ಆ ಹೊತ್ತಿಗೆ ಮರೆತಿತ್ತು.

"ಕಪ್ಪೆ," ಅಂದಳು ಚೂಡಿ.

ಭಟ್ಟಿಗೆ ಸೌದೆ ಹಾಕುತ್ತಿದ್ದ ಮರಿಯಯ್ಯ ಬಗ್ಗಿ ನೋಡಿದ. "ಕಪ್ಪೆ ಅನ್ಬ್ಯಾಡ ಕಣವ್ವ, ನಮ್ಮಯ್ನೋರು ನೊಂದ್ಕತ್ತಾರೆ. ಗಿಣೀನೇಯ, ಬಸ್ರಿ ಗಿಣಿ."

ಚೂಡಿ ನಗುತ್ತ ಹಿತ್ತಲಿಗೆ ಓಡಿದಳು. ಅಲ್ಲಿ ಅವಳು ಬೆಳ್ಳಮ್ಮನಿಗೆ ಕಪ್ಪೆಯ ಸುದ್ದಿ ಹೇಳುವುದು, ಬೆಳ್ಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುವುದು, ಎರಡೂ ಅವನಿಗೆ ಕೇಳಿಸಿದವು.

ಅಂದು ಮಧ್ಯಾಹ್ನ ಚೂಡಿ ಮಲಗಿದ್ದಾಗ ಅವಳ ದಿಂಬಿನ ಪಕ್ಕದಲ್ಲಿದ್ದ ರಾಗಿಯ ಗಿಣಿಯನ್ನು ವರದರಾಜ ಎತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಎಷ್ಟು ಬಡಕಲು ಗಿಣಿ! ಕತ್ತು ಕಡ್ಡಿಯಷ್ಟೇ. ರೆಕ್ಕೆ ಮೈಗೆ ತಾಗದೆ ದೂರ ನಿಂತಿತ್ತು. ಕೊಕ್ಕನ್ನು ಬೆಳ್ಳಮ್ಮ ಮುಂದಕ್ಕೆ ಎಳೆದು ಆಮೇಲೆ ಬಗ್ಗಿಸಿದ್ದಳು. ಇದನ್ನು ಇನ್ನೂ ಬಡಕಲು ಮಾಡಿ ಭಟ್ಟಿಗೆ ಕೊಟ್ಟರೆ ಉಳಿದ ಮಾಂಸ ಭಟ್ಟಿಯೇ ತುಂಬುತ್ತದೆ ಅನ್ನಿಸಿತು. ಇನ್ನೊಮ್ಮೆ ನೋಡೋಣವೆಂದು ಮೈದಾ ಡಬ್ಬದ ಹಿಂದೆ, ಮೇಲಿನ ಗೂಡಿನಲ್ಲಿ ಇಟ್ಟ. ಎದ್ದ ಚೂಡಿ ಗಿಣಿಗಾಗಿ ಮನೆಯೆಲ್ಲ ಹುಡುಕಿ ಅತ್ತಳು. ಬೆಳ್ಳಮ್ಮ, ಇಲಿ ಹೊತ್ಕೊಂಡೋಯ್ತು ಬುಡು, ಇನ್ನೊಂದ್ ಮಾಡ್ಕೊಡ್ತೀನಿ ಅಂತ ಸಮಾಧಾನ ಹೇಳಿದಳು. ಅಂಗಡಿಯಲ್ಲಿ ನಿಂತು ಕೇಳುತ್ತಿದ್ದ ವರದರಾಜ ಬಾಯಿ ಬಿಡಲಿಲ್ಲ. ಮಗಳು ಅಷ್ಟು ಅತ್ತದ್ದು ಆ ಗಿಣಿಗಲ್ಲವೇ ಎಂದು ಅದರ ಮೇಲೆ ಇನ್ನೂ ಸಿಟ್ಟು ಬಂತು.

ರಾತ್ರಿ ಚೂಡಿ ನಿದ್ದೆಗಣ್ಣಲ್ಲಿ, "ಬೆಳ್ಳವ್ವ," ಅಂದಳು. ಅವಳಿಗೆ ಹೊದಿಕೆ ಹೊದಿಸುತ್ತಿದ್ದವನು ಅಪ್ಪ. ಬೆಳಿಗ್ಗೆ ಹಿಟ್ಟು ನಾದುವಾಗಲೇ ಅವನು ತೀರ್ಮಾನಿಸಿದ. ಅಗ್ರಹಾರದ ಗೋದಮ್ಮ ಒಂಟಿ ಹೆಂಗಸು, ಹೇಳಿಕಳಿಸಿದರೆ ಬರುತ್ತಾಳೆ. ಬೆಳ್ಳಮ್ಮನಿಗೆ ಈವತ್ತೇ ಕೊನೆ. ಅಂಗಡಿಯ ಭರಾಟೆ ಇಳಿದ ಮೇಲೆ ಗೋದಮ್ಮನ ಮನೆಗೆ ಹೋಗಿಬರಬೇಕೆಂದು ಮರಿಯಯ್ಯನಿಗೆ ಹೇಳಿಟ್ಟ.

ಅಂದು ಬೆಳ್ಳಮ್ಮ ಒಬ್ಬಳೇ ಬರಲಿಲ್ಲ. ಅವಳ ಸೀರೆ ಹಿಡಿದು ಐದು ವರ್ಷದ ಹುಡುಗಿಯೊಂದು ನಿಂತಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮೊಣಕಾಲಿನವರೆಗೆ ಧೂಳು. ಮಗಳು, ನಂಜಿ. ಹಗಲು ಅವಳನ್ನು ನೋಡಿಕೊಳ್ಳುವ ಅತ್ತೆಗೆ ಚಳಿಜ್ವರ, ಈವತ್ತೊಂದು ದಿನ ಮೂಲೆಯಲ್ಲಿ ಕೂತಿರಲಿ ಎಂದು ಬೆಳ್ಳಮ್ಮ ಕೇಳಿಕೊಂಡಳು. ಬಿಡಿಸುವ ಮಾತು ವರದರಾಜನ ಬಾಯಿವರೆಗೆ ಬಂದು ಹಿಂದಕ್ಕೆ ಹೋಯಿತು. ಸಂಜೆ ಹೇಳಿದರಾಯಿತು.

ನಂಜಿ ಮೂಲೆಯಲ್ಲಿ ಕೂರಲಿಲ್ಲ. ಭಟ್ಟಿಮನೆಯ ಹೊಸಿಲಲ್ಲಿ ನಿಂತು, ತಗಡಿನಲ್ಲಿ ಸಾಲಾಗಿದ್ದ ಬನ್ನುಗಳನ್ನೂ ವರದರಾಜನನ್ನೂ ಒಂದೊಂದು ಸಲ ನೋಡಿದಳು.

"ಅವ್ವ ತತ್ತದಲ್ಲ ಆ ಬನ್ನು, ನೀವೇ ಮಾಡಾದಾ?"

ಅವನು ಹೌದೆಂದ. ಹುಡುಗಿ ಹೊಸಿಲಿಗೆ ಅಂಟಿಕೊಂಡು ಕೂತಳು. ಅವನು ಹಿಟ್ಟು ಎತ್ತಿ ಕುಕ್ಕಿದರೆ ಅವಳ ರೆಪ್ಪೆ ಬಡಿಯುತ್ತಿತ್ತು, ಉಂಡೆ ಉರುಳಿಸಿದರೆ ತಲೆಯೂ ಜೊತೆಗೆ ತಿರುಗುತ್ತಿತ್ತು. ಬಾಯಿ ತೆರೆದೇ ಇತ್ತು.

ಕೊಡ ಹೊತ್ತು ಬಂದ ಬೆಳ್ಳಮ್ಮ ಮಗಳನ್ನು ನೋಡಿ ನಿಂತಳು. "ನೋಡಿ ಅಯ್ನೋರೆ, ಇವ್ಳಿಗೆ ನಾನೊಬ್ಳೇ ಬಂದ್ರೆ ಸಾಲ್ದು. ದಿನಾ ಸಂಜೆ ಮೊದ್ಲು ಮಡ್ಲು ತಡಕ್ತಾಳೆ, ಆಮ್ಯಾಕೆ ಮೊಕ ನೋಡ್ತಾಳೆ," ಅಂದಳು. ನಗುತ್ತಲೇ ಅಂದಳು. ಆದರೆ ಹಿತ್ತಲಿಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಯಾರೋ ಹಾಗೆ ಕೂತು ನೋಡುತ್ತಿರುವಾಗ ವರದರಾಜನ ಕೈಗೆ ಹುರುಪು ಬಂತು. ಒಂದು ಚೂರು ಹಿಟ್ಟು ಕಿತ್ತು ಗಿಣಿಗೆ ಕೈ ಹಾಕಿದ. ಈ ಸಲ ಕತ್ತನ್ನು ಕಡ್ಡಿಯಂತೆ ಎಳೆದ, ರೆಕ್ಕೆಯನ್ನು ಮೈಯಿಂದ ದೂರ ನಿಲ್ಲಿಸಿದ, ಕೊಕ್ಕನ್ನು ಎಳೆದು ಬಗ್ಗಿಸಿದ. ಉಬ್ಬುವುದಕ್ಕೆ ಬಿಡದೆ ಆಗಲೇ ಬೆಂಕಿಗೆ ಕೊಟ್ಟ. ಹೊರಗೆ ಬಂದಾಗ ಹೊನ್ನಿನ ಬಣ್ಣದ ಗಿಣಿ, ಕತ್ತು ಕೊಂಕಿಸಿ, ಈಗ ಕೂಗುತ್ತೇನೆ ಅನ್ನುವಂತೆ ಕೂತಿತ್ತು. ನಂಜಿ ಕೇಕೆ ಹಾಕಿ ನಕ್ಕಳು.

ಆ ನಗು ಹಿತ್ತಲಿಗೆ ಮುಟ್ಟಿತು. ಚೂಡಿ ಓಡಿ ಬಂದು ಬಾಗಿಲಲ್ಲಿ ನಿಂತಳು. ಗಿಣಿ ನೋಡಿದಳು. ಗಿಣಿಗೆ ಚಾಚಿದ ನಂಜಿಯ ಕೈ ನೋಡಿದಳು. ನಡುವೆ ನುಗ್ಗಿ ನಂಜಿಯನ್ನು ಹಿಂದಕ್ಕೆ ದಬ್ಬಿ, ಅಪ್ಪನ ಹಿಟ್ಟು ಮೆತ್ತಿದ ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ನಮ್ಮಪ್ಪ. ನಮ್ಮ ಗಿಣಿ."

ಇಷ್ಟು ದಿನ ಅವನು ಕಾದಿದ್ದು ಇದಕ್ಕೇ. ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡ. ಅವಳು ಇಳಿಯಲಿಲ್ಲ. ಅಂದೆಲ್ಲ ಅವನ ಕಾಲು ಕಾಲಿಗೆ ತೊಡರುತ್ತ, ನಂಜಿ ಒಂದು ಹೆಜ್ಜೆ ಹತ್ತಿರ ಬಂದರೆ ತಾನು ಎರಡು ಹೆಜ್ಜೆ ಹತ್ತಿರ ಬಂದು ನಿಂತಳು. ಬನ್ನನ್ನು ಮಾತ್ರ ಇನ್ನೂ ಬಾಯಿಗೆ ಹಾಕಿರಲಿಲ್ಲ. ಗಿಣಿಯನ್ನೂ ಕೈಯಲ್ಲಿ ಹಿಡಿದುಕೊಂಡಿದ್ದಳೇ ಹೊರತು ಕಚ್ಚಲಿಲ್ಲ. ಬೆಳ್ಳಮ್ಮ ಹಿತ್ತಲಿನಿಂದ ಎರಡು ಸಲ ಕರೆದಳು. ಚೂಡಿಯೂ ಹೋಗಲಿಲ್ಲ, ನಂಜಿಯೂ ಹೋಗಲಿಲ್ಲ. ವರದರಾಜ ಆ ಕರೆಯನ್ನು ಕೇಳಿಯೂ ಕೇಳದವನಂತೆ ಇನ್ನೊಂದು ಉಂಡೆ ಉರುಳಿಸಿದ. ಅಷ್ಟು ಸುಖವಾಗಿ ಅವನು ಹಿಟ್ಟು ನಾದಿ ಎಷ್ಟೋ ದಿನವಾಗಿತ್ತು.

ಸಂಜೆ ಕಾರ್ಖಾನೆ ಕೂಗಿತು. ಬೆಳ್ಳಮ್ಮ ಮುಖ ತೊಳೆದು, ಸೆರಗು ಕೊಡವಿ, ಮಗಳನ್ನು ಕರೆದಳು. ನಂಜಿ ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡಳು.

"ಬಾರವ್ವ, ಕತ್ತಲಾಯ್ತದೆ."

"ನಾ ಬರಾಕಿಲ್ಲ. ಇಲ್ಲೇ ಇರ್ತೀನಿ. ಅಯ್ನೋರು ಗಿಣಿ ಮಾಡಾದ್ನ ಕಲ್ಸ್ತಾರೆ."

"ನಾ ಮಾಡ್ಕೊಡಾಕಿಲ್ವೇನೆ ಗಿಣೀಯ?"

"ನಿಂದು ಕರ್ರಗದೆ," ಅಂದಳು ನಂಜಿ.

ಬೆಳ್ಳಮ್ಮ ಬರಿದಾದ ಮಡಿಲನ್ನು ಸುಮ್ಮನೆ ಸರಿಮಾಡಿಕೊಂಡಳು. ಅವಳ ಕಣ್ಣು ಮಗಳ ಮೇಲಿರಲಿಲ್ಲ, ವರದರಾಜನ ಕೈಯ ಮೇಲಿತ್ತು. ಆ ನೋಟ ಅವನಿಗೆ ಗೊತ್ತು. ತಾನು ದಿನವೂ ಜಗಲಿಯ ಮೇಲೆ ನಿಂತು ಅವಳ ಕೈಯನ್ನು ನೋಡುತ್ತಿದ್ದದ್ದು ಹಾಗೆಯೇ.

ಮರಿಯಯ್ಯ ಹೆಗಲಿಗೆ ಟವಲು ಹಾಕಿಕೊಂಡು, ಗೋದಮ್ಮೋರ ಮನೆಗೆ ಈಗ ಹೋಗಿಬರಲೇ ಎಂದು ಕೇಳಿದ. ವರದರಾಜ ಬೇಡವೆಂದು ತಲೆ ಅಲ್ಲಾಡಿಸಿದ. ಪಂಚೆ ಹಿಡಿದಿದ್ದ ಚೂಡಿಯ ಪುಟ್ಟ ಕೈಯನ್ನು ಒಂದು ಸಲ ನೋಡಿಕೊಂಡ. ಆಮೇಲೆ ಕೈ ಚಾಚಿ, ಮೈದಾ ಡಬ್ಬದ ಹಿಂದಿನಿಂದ ರಾಗಿಯ ಗಿಣಿಯನ್ನು ತೆಗೆದ.

"ನೋಡಮ್ಮ ನಂಜಿ, ನಾನು ಮಾಡಿದ್ದು ಬರೀ ಕಪ್ಪೆ ಆಗಿತ್ತು. ಮರಿಯಯ್ಯನ್ನ ಕೇಳು. ಇದನ್ನ ಕದ್ದಿಟ್ಕೊಂಡು, ನೋಡಿ ನೋಡಿ ಕಲ್ತೆ. ಇದನ್ನ ಮಾಡಿದ್ದು ನಿಮ್ಮವ್ವ."

ನಂಜಿ ಕರಿಯ ಗಿಣಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು, ಅವ್ವನ ಮುಖ ನೋಡಿದಳು. ಚೌಕಟ್ಟು ಬಿಟ್ಟ ಕೈ ಮೆಲ್ಲಗೆ ಸೀರೆಗೆ ಹೋಯಿತು. ಬೆಳ್ಳಮ್ಮ ವರದರಾಜನನ್ನು ದಿಟ್ಟಿಸಿದಳು.

"ಇಲಿ ಅಂದಿದ್ದೆ ನಾನು," ಅಂದಳು.

ಪಂಚೆಯ ಮೇಲಿನ ಹಿಡಿತ ಸಡಿಲವಾದದ್ದು ಅವನಿಗೆ ತಿಳಿಯಿತು. ಚೂಡಿ ದೂರ ಸರಿದು ಬೆಳ್ಳಮ್ಮನ ಮಗ್ಗುಲಲ್ಲಿ, ನಂಜಿಯ ಪಕ್ಕದಲ್ಲೇ ನಿಂತಳು. ಕೆಳದುಟಿ ಮುಂದೆ ಬಂದಿತ್ತು.

"ಅದು ನನ್ ಗಿಣಿ. ನೀನು ಕದ್ದೆ."

ಅವನು ಹೌದೆಂದ. ಅವಳು ಅಪ್ಪನನ್ನು ಕೆಕ್ಕರಿಸಿ ನೋಡುತ್ತಲೇ, ಕೈಯಲ್ಲಿದ್ದ ಬನ್ನಿನ ಗಿಣಿಯನ್ನು ಎತ್ತಿ, ಅದರ ತಲೆಯನ್ನು ಕಚಕ್ಕನೆ ಕಚ್ಚಿ ತೆಗೆದಳು. ಅಗಿದಳು. ಅಗಿಯುತ್ತ ಅಗಿಯುತ್ತ ಹುಬ್ಬಿನ ಗಂಟು ಒಂದಿಷ್ಟು ಬಿಚ್ಚಿತು, ಅದನ್ನು ಮತ್ತೆ ಕಟ್ಟಿಕೊಂಡಳು, ರೆಕ್ಕೆಗೆ ಬಾಯಿ ಹಾಕಿದಳು.