ಗಂಟಲು ಪರೀಕ್ಷಕರು

ಬರೆದವರ ಬಾಯಿಂದಲೇ ಪುಸ್ತಕವನ್ನು ಆದ್ಯಂತ ಗಟ್ಟಿಯಾಗಿ ಓದಿಸಿ ಕೇಳದೆ ಆ ಪ್ರಕಾಶಕರು ಯಾವ ಕೃತಿಯನ್ನೂ ಎರಡನೆಯ ಬಾರಿ ಅಚ್ಚಿಗೆ ಕಳಿಸಿದವರಲ್ಲ. ಮೊದಲ ಮುದ್ರಣ ಹುಮ್ಮಸ್ಸಿನ ಫಲ, ಎರಡನೆಯದಕ್ಕೆ ಲೇಖಕರ ಗಂಟಲೇ ಸಾಕ್ಷಿ ನುಡಿಯಬೇಕು ಎಂಬುದು ಅವರ ಸಿದ್ಧಾಂತ. ಲೇಖಕರು ಬೆನ್ನ ಹಿಂದೆ ಅವರನ್ನು ಗಂಟಲು ಪರೀಕ್ಷಕರೆಂದೇ ಕರೆಯುತ್ತಿದ್ದರು. ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವಾದಂತೇನೂ ಕಾಣಲಿಲ್ಲ. ಬಿರುಬಿಸಿಲಿನಲ್ಲೂ ಬಿಚ್ಚದ ಬೂದುಬಣ್ಣದ ಕೋಟು, ಕಾಗದದ ಕಟ್ಟುಗಳ ನಡುವೆ ಓರೆಯಾಗಿ ನುಸುಳುವ ನಡಿಗೆ, ಏನು ಕೇಳಿದರೂ "ಮೊದಲು ಓದಿ, ಆಮೇಲೆ ಮಾತು" ಎಂಬ ಒಂದೇ ಪಲ್ಲವಿ.

ಒಬ್ಬ ಕಾದಂಬರಿಕಾರ್ತಿ ಅವರೆದುರು ಬಂದು ಕುಳಿತದ್ದು ಒಂದೇ ಉದ್ದೇಶದಿಂದ: ತನ್ನ ಕಾದಂಬರಿಯ ಎರಡನೆಯ ಮುದ್ರಣದಿಂದ ಏಳನೆಯ ಅಧ್ಯಾಯ ತೆಗೆಸಬೇಕು. ಮದುವೆ ಮುರಿದ ದಿನ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಂಗಿಯಾದ ಇವಳ ಮುಂದೆ ಮಾತ್ರ ಅತ್ತಿದ್ದಳು. ಆ ಅಳುವನ್ನು ಇವಳು ಹೆಸರು ಬದಲಿಸಿ ಅಲ್ಲಿ ಬರೆದಿದ್ದಳು. ಓದುಗರು ಕಣ್ಣೊರೆಸಿಕೊಂಡರು, ಅಕ್ಕ ಮಾತು ಬಿಟ್ಟಳು.

ಆರು ಅಧ್ಯಾಯ ಓದುವವರೆಗೆ ಪ್ರಕಾಶಕರು ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಾಡಿಸುತ್ತಿದ್ದರು. ಅವಳು ಮುಂದಿನ ಹಾಳೆಗಳನ್ನು ಒಟ್ಟಾಗಿ ಮಗುಚಿದಳು. ಬೆರಳು ನಿಂತಿತು.

"ಏಳು ಎಲ್ಲಿ ಹೋಯ್ತಮ್ಮಾ?"

"ಈ ಸಲ ಅದು ಬೇಡ ಸಾರ್. ಅದರಿಂದಲೇ ಅಕ್ಕ ನನ್ನ ಹತ್ರ ಮಾತಾಡ್ತಿಲ್ಲ."

"ಬೆನ್ನುಮೂಳೆ ಕಿತ್ತು ನಿಂತ್ಕೋ ಅಂದ್ರೆ ಪುಸ್ತಕ ನಿಲ್ಲುತ್ತಾ? ಆಗಲೇ ಜನರ ಮನೇಲಿರೋ ಪ್ರತಿಗಳನ್ನ ಏನು ಮಾಡ್ತೀರಿ? ಇದನ್ನ ತೆಗೆದ್ರೆ ನಿಮ್ಮಕ್ಕ ಮರೀತಾರಾ?"

"ಮರೀಲಿ ಅಂತಲ್ಲ ಸಾರ್. ನಾನೇ ತೆಗೆಸಿದೆ ಅಂತ ಅವಳಿಗೆ ಗೊತ್ತಾಗ್ಲಿ ಅಂತ."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಉತ್ತರಕ್ಕೆ ತಡವರಿಸಿದ್ದನ್ನು ಕಂಡು ಅವಳಿಗೆ ಆಸೆ ಹುಟ್ಟಿತು. ಕುರ್ಚಿಯ ತುದಿಗೆ ಸರಿದು ಕುಳಿತಳು. ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಅವಳ ಕಡೆಗೆ ಸರಿಸಿದರು.

"ಅಂಗಡಿಯವರು ದಿನಾ ಕೇಳ್ತಿದಾರೆ. ಆದ್ರೂ ಕುಂಟು ಪುಸ್ತಕ ನಾನು ಹಾಕಲ್ಲ. ಪೂರ್ತಿ ಪುಸ್ತಕ ನೀವು ಕೊಡಲ್ಲ. ಬೇಡ ಬಿಡಿ. ಬೇರೆಯವರ ಹತ್ರ ಹೋಗಿ, ಬೇಕಾದ ಹಾಗೆ ಕತ್ತರಿಸಿ ಕೊಡ್ತಾರೆ."

ಸಿಟ್ಟಿನಿಂದ ಹೇಳಿದ್ದರೆ ಅವಳೂ ಜಗಳವಾಡಿ ಹಗುರಾಗುತ್ತಿದ್ದಳೇನೋ. ಅವರು ಕೋಟಿನ ಗುಂಡಿ ಹಾಕಿಕೊಂಡು, ಮನೆಮಗಳನ್ನು ಕಳಿಸುವಂತೆ ಬಾಗಿಲವರೆಗೂ ಬಂದರು. ಬೇರೆಯವರ ಹತ್ತಿರ ಅವಳು ಹೋಗಲಿಲ್ಲ. ಅಂದೇ ಸಂಜೆ ಅಕ್ಕನ ಮನೆಯ ಕದ ತಟ್ಟಿ, "ಆ ಪುಸ್ತಕ ಇನ್ನು ಬರಲ್ಲ ಕಣೇ ಅಕ್ಕಾ" ಎಂದಳು. ಅಕ್ಕ ಒಳಗೆ ಬಾ ಎನ್ನಲಿಲ್ಲ, ಕದವನ್ನೂ ಹಾಕಲಿಲ್ಲ.

ಕೃತಿಯನ್ನು ಹೆತ್ತವರಿಗಿಂತ ಹೆಚ್ಚಾಗಿ ಮುದ್ದಿಸುವ, ಅದಕ್ಕಾಗಿ ನಷ್ಟಕ್ಕೂ ಅಂಜದ ಇಂಥ ಪ್ರಕಾಶಕರು ವಿರಳ, ಕಂಡಲ್ಲಿ ಕೈಮುಗಿಯಬೇಕು. ಆದರೆ ಅವರು ಕಾಯುವುದು ಪುಸ್ತಕವನ್ನಷ್ಟೇ. ಬರೆದವಳಿಗೂ ಒಬ್ಬ ಅಕ್ಕ ಇದ್ದಾಳೆ ಎಂಬುದು ಅವರ ತಲೆಗೆ ಹೋದರೂ ಎದೆಗೆ ಇಳಿಯುವುದಿಲ್ಲ.